ನನ್ನಿವಾಳದ ನಾವಿಕ

ಚಳ್ಳಕೆರೆ ತಾಲ್ಲೂಕಿನಲ್ಲಿ ಹುಟ್ಟಿದವನಿಗೆ ನೀರಿನ ವಿಷಯದಲ್ಲಿ ಎರಡೇ ಅನುಭವ. ಒಂದು, ಮಳೆ ಬರಲಿಲ್ಲ ಎನ್ನುವುದು. ಇನ್ನೊಂದು, ಟ್ಯಾಂಕರ್ ಬಂತು ಎನ್ನುವುದು. ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ಜಾಗಗಳ ಪಟ್ಟಿ ತೆಗೆದರೆ ನಮ್ಮದು ಮೇಲಿನ ಸಾಲಿನಲ್ಲೇ ಸಿಗುತ್ತದೆ. ನಾವು ಮುಂದಿರುವ ಪಟ್ಟಿ ಅದೊಂದೇ ಎಂದು ನಮ್ಮ ಮೇಷ್ಟ್ರು ಹೇಳುತ್ತಿದ್ದರು. ಆದರೂ ನಮ್ಮ ಹಿರಿಯರ ಧೈರ್ಯ ನೋಡಿ, ಊರಿಗೆ ಹೆಸರಿಡುವಾಗ ಜಿಪುಣತನ ಮಾಡಲಿಲ್ಲ. ಗೌರಸಮುದ್ರ ನಮ್ಮ ತಾಲ್ಲೂಕಿನಲ್ಲಿದೆ, ಕೋಣಸಾಗರ ಪಕ್ಕದ ಮೊಳಕಾಲ್ಮೂರಿನಲ್ಲಿದೆ. ಗೌರಸಮುದ್ರದ ಮಾರಮ್ಮನ ಜಾತ್ರೆಗೆ ಸೇರುವ ಜನರನ್ನು ಕಂಡರೆ ಸಮುದ್ರ ಅಂದದ್ದು ಸುಳ್ಳಲ್ಲ ಅನ್ನಿಸುತ್ತದೆ, ನೀರು ಹುಡುಕಬಾರದು ಅಷ್ಟೆ. ನಿಜವಾಗಿ ನೀರಿರುವ ಸಾಗರ ಬೇಕೆಂದರೆ ಹಿರಿಯೂರಿನ ಹತ್ತಿರ ಮಾರಿಕಣಿವೆಗೆ ಹೋಗಬೇಕು. ಅಲ್ಲಿನ ವಾಣಿವಿಲಾಸ ಸಾಗರವನ್ನು ಕಟ್ಟಿ ಮುಗಿಸಿದ್ದು 1907ರಲ್ಲಿ. 1933ರಲ್ಲಿ ಒಮ್ಮೆ ಕೋಡಿ ಬಿತ್ತು. ಮತ್ತೆ ಕೋಡಿ ಬೀಳಲು 2022ರ ಸೆಪ್ಟೆಂಬರ್ ಬರಬೇಕಾಯಿತು. ನಾನು ಹೇಳಹೊರಟಿರುವುದು ಆ ಎರಡು ಕೋಡಿಗಳ ನಡುವಿನ ಒಣಗಾಲದ ಕಥೆ.

ನಮ್ಮೂರು ನನ್ನಿವಾಳ. ಮ್ಯಾಸನಾಯಕರ ಕಟ್ಟೆಮನೆ, ಅಂದರೆ ಕುಲದ ನ್ಯಾಯಪೀಠ, ಇರುವ ಊರು, ದೇವರ ಎತ್ತುಗಳ ಊರು. ಆ ಎತ್ತುಗಳನ್ನು ಕಾಯುವ ಕಿಲಾರಿ ಮೇವು ಹುಡುಕುತ್ತ ಎಷ್ಟು ದೂರ ಸುತ್ತುತ್ತಾನೋ, ಊರಿನ ಬಹಳ ಜನ ಅಷ್ಟು ದೂರವೂ ಸುತ್ತಿದವರಲ್ಲ. ಇಂಥ ಊರಿನಿಂದ ಚಳ್ಳಕೆರೆಗೆ ಬಸ್ಸಿನಲ್ಲಿ ಹೋಗಿ ಪಿಯುಸಿ ಓದುತ್ತಿದ್ದ ನನಗೆ, ಗ್ರಂಥಾಲಯದಲ್ಲಿ ಒಂದು ಭಾನುವಾರದ ಪುರವಣಿ ಸಿಕ್ಕಿ ತಲೆ ಕೆಟ್ಟಿತು.

ಅದರಲ್ಲಿ ಕೊಚ್ಚಿ ಬಂದರಿನಲ್ಲಿ ನಿಂತ ಒಂದು ಬಿಳಿ ಹಡಗಿನ ಚಿತ್ರವಿತ್ತು. ಹೆಸರು ಎಂವಿ ಎಕ್ಸ್‌ಪ್ಲೋರರ್. ಅದರೊಳಗೆ ಕಾಲೇಜು! ಅಮೆರಿಕದ ಹುಡುಗ ಹುಡುಗಿಯರು ಒಂದು ಸೆಮಿಸ್ಟರ್ ಪೂರ್ತಿ ಅದರಲ್ಲೇ ಇದ್ದು, ಪಾಠ ಕೇಳುತ್ತ, ಪರೀಕ್ಷೆ ಬರೆಯುತ್ತ, ಬಂದರಿನಿಂದ ಬಂದರಿಗೆ ಇಳಿಯುತ್ತ ಭೂಮಿಯನ್ನೇ ಸುತ್ತು ಹಾಕುತ್ತಾರಂತೆ. ‘ಸೆಮಿಸ್ಟರ್ ಅಟ್ ಸೀ’ ಎಂದು ಅದಕ್ಕೆ ಹೆಸರು. ನಮ್ಮ ಕಾಲೇಜಿನಲ್ಲಿ ಪ್ರವಾಸವೆಂದರೆ ಚಿತ್ರದುರ್ಗದ ಕೋಟೆ ನೋಡಿ, ಚಂದ್ರವಳ್ಳಿಯಲ್ಲಿ ಚಿತ್ರಾನ್ನ ತಿಂದು ವಾಪಸ್ ಬರುವುದು. ಅವರು ಸೋಮವಾರ ಅರ್ಥಶಾಸ್ತ್ರದ ಪಾಠ ಕೇಳಿ ಬುಧವಾರ ಜಪಾನಿನಲ್ಲಿ ಇಳಿಯುತ್ತಾರೆ ಎಂದು ಓದಿದಾಗ, ಅದೇ ಪುರವಣಿಯ ಅಂಚಿನಲ್ಲಿ ಪೆನ್ನಿನಿಂದ ನನ್ನ ಹೆಸರು ಬರೆದು ಮುಂದೆ ‘ಬಿಎ, ಸಮುದ್ರ’ ಎಂದು ಸೇರಿಸಿದೆ. ಗ್ರಂಥಪಾಲಕರು ಕಂಡು ಎರಡು ರೂಪಾಯಿ ದಂಡ ಹಾಕಿದರು. ನನ್ನ ಸಮುದ್ರಯಾನದ ಮೊದಲ ಖರ್ಚು ಅದು.

ಆಮೇಲೆ ಈ ಹಡಗು ಕಾಲೇಜುಗಳ ಪೂರ್ವಾಪರವನ್ನೆಲ್ಲ ಜಾಲಾಡಿದೆ. ಲಾ ಎಂಬ ಮನಃಶಾಸ್ತ್ರದ ಪ್ರೊಫೆಸರೊಬ್ಬರು 1926ರಲ್ಲೇ ‘ರಿಂಡಾಮ್’ ಎನ್ನುವ ಡಚ್ ಹಡಗಿನಲ್ಲಿ ಸುಮಾರು ಐನೂರು ವಿದ್ಯಾರ್ಥಿಗಳನ್ನು ತುಂಬಿಕೊಂಡು ನ್ಯೂಯಾರ್ಕ್ ಪಕ್ಕದ ಹೊಬೊಕೆನ್‌ನಿಂದ ಹೊರಟು, ಮರುವರ್ಷ ವಾಪಸ್ ಬಂದಿದ್ದರು. ಈಗಿನ ಕಾರ್ಯಕ್ರಮದ ಬೇರು 1963ರಲ್ಲಿದೆ. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಹಾಂಕಾಂಗಿನ ಹಡಗು ಸಾಹುಕಾರ ಸಿ. ವೈ. ಟುಂಗ್ ಅವರ ಕಥೆ. ಆ ಕಾಲದ ಅತಿ ದೊಡ್ಡ ಪ್ರಯಾಣಿಕರ ಹಡಗು ‘ಕ್ವೀನ್ ಎಲಿಜಬೆತ್’ ಅನ್ನೇ ಕೊಂಡು, ಅದಕ್ಕೆ ‘ಸೀವೈಸ್ ಯೂನಿವರ್ಸಿಟಿ’ ಎಂದು ಹೊಸ ಹೆಸರಿಟ್ಟು, ತೇಲುವ ವಿಶ್ವವಿದ್ಯಾಲಯ ಮಾಡಲು ಹೊರಟರು. ರಿಪೇರಿ ಮುಗಿಯುತ್ತ ಬಂದಿತ್ತು, 1972ರ ಜನವರಿಯಲ್ಲಿ ಹಾಂಕಾಂಗ್ ಬಂದರಿನಲ್ಲೇ ಬೆಂಕಿ ಬಿದ್ದು ಹಡಗು ಮಗುಚಿಕೊಂಡಿತು. ಒಂದು ಪಾಠವೂ ಆಗಲಿಲ್ಲ. ಸುಟ್ಟ ಹಡಗು ಆಮೇಲೆ ಜೇಮ್ಸ್ ಬಾಂಡ್ ಸಿನಿಮಾದಲ್ಲಿ ಪಾತ್ರ ಮಾಡಿತು. ಟುಂಗ್ ಅಷ್ಟಕ್ಕೇ ಕೈ ಚೆಲ್ಲದೆ ಇನ್ನೊಂದು ಹಡಗಿನಲ್ಲಿ ಕಾಲೇಜು ನಡೆಸಿದರು. ನಷ್ಟವಾದ ಮೇಲೂ ಮರುವರ್ಷ ಅದೇ ಬೆಳೆ ಹಾಕುವ ಮನುಷ್ಯನನ್ನು ನಾನು ನಮ್ಮ ಮನೆಯಲ್ಲೇ ಕಂಡಿದ್ದೆ, ಅಪ್ಪ.

ಆ ಅಪ್ಪನ ಮುಂದೆ ವಿಷಯ ಇಟ್ಟೆ. ಫೀಸು ಎಷ್ಟು ಎಂದ. ಡಾಲರಿನಲ್ಲಿ ಹೇಳಿದೆ. ರೂಪಾಯಿಯಲ್ಲಿ ಹೇಳು ಎಂದ. ಹೇಳಿದೆ. ಅಪ್ಪ ಅದನ್ನು ಶೇಂಗಾ ಮೂಟೆಗೆ ತಿರುಗಿಸಿ, ಮೂಟೆಯನ್ನು ಎಕರೆಗೆ ತಿರುಗಿಸಿ, ಎಕರೆಯನ್ನು ವರ್ಷಕ್ಕೆ ತಿರುಗಿಸಿ, ಕೊನೆಗೆ ಬೀಡಿ ಹಚ್ಚಿದ.

“ಮಳೆ ಸರಿಯಾಗಿ ಬಂದ್ರೆ ನಿನ್ ಮೊಮ್ಮಗನ್ನ ಕಳಿಸಬೌದು ಕಣ್ಲಾ” ಅಂದ.

ಕಟ್ಟೆಯ ಮೇಲೆ ಕೂತಿದ್ದ ದೊಡ್ಡಪ್ಪನಿಗೆ ಬೇರೆಯದೇ ಅನುಮಾನ. “ಹಡಗಲ್ಲಿ ಕ್ಲಾಸು ನಡೀವಾಗ ಹುಡುಗ್ರು ಚಕ್ಕರ್ ಹಾಕಿ ಎಲ್ಲಿಗೋಗ್ತವೆ?” ಅಮೆರಿಕದ ಯಾವ ಶಿಕ್ಷಣ ತಜ್ಞನೂ ಹಡಗು ಕಾಲೇಜಿನ ಲಾಭವನ್ನು ಇಷ್ಟು ಚುಟುಕಾಗಿ ಹೇಳಿದ್ದು ನಾನು ಓದಿಲ್ಲ.

ಇಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ನಾನು ಸಿಇಟಿ ಬರೆದೆ. ಕೃಷಿಕರ ಮಕ್ಕಳ ಕೋಟಾಕ್ಕೆ ಪ್ರಾಯೋಗಿಕ ಪರೀಕ್ಷೆ ಇರುತ್ತದಲ್ಲ, ಅಲ್ಲಿ ಮೇಜಿನ ಮೇಲೆ ಬೀಜ, ಗೊಬ್ಬರ, ಉಪಕರಣಗಳನ್ನಿಟ್ಟು ಗುರುತಿಸು ಎನ್ನುತ್ತಾರೆ. ಪೇಟೆಯ ಹುಡುಗರು ಸಜ್ಜೆಯನ್ನು ಮೂಸಿ ನೋಡುತ್ತಿದ್ದಾಗ ನಾನು ಶೇಂಗಾ, ತೊಗರಿ, ನವಣೆ, ಹುರುಳಿ, ಕುಂಟೆ, ಕೂರಿಗೆ ಎಂದು ಓಟದಲ್ಲಿ ಬರೆದು ಹೊರಗೆ ಬಂದೆ. ಸೀಟು ಹಂಚುವ ಹೊತ್ತಿಗೆ ಕೃಷಿ, ತೋಟಗಾರಿಕೆ ಎಲ್ಲ ಮುಗಿದು ಮೀನುಗಾರಿಕೆ ಉಳಿದಿತ್ತು. ಹೀಗೆ ಒಣಬೇಸಾಯದಲ್ಲಿ ನನಗಿದ್ದ ಪರಿಣತಿಯನ್ನು ಮೆಚ್ಚಿ ಸರ್ಕಾರ ನನ್ನನ್ನು ಸಮುದ್ರಕ್ಕೆ ಕಳಿಸಿತು.

ಊರಿನಲ್ಲಿ ಮೀನುಗಾರಿಕೆ ಕಾಲೇಜು ಎಂದರೆ, “ಮೀನು ಹಿಡಿಯಾಕೆ ಕಾಲೇಜ್ಯಾಕೆ? ಗಾಳ ಸಾಲ್ದಾ?” ಎಂದು ನಕ್ಕಾರು ಎಂದು ಹೆದರಿ ನಾನು ಒಂದು ಸಣ್ಣ ತಿದ್ದುಪಡಿ ಮಾಡಿದೆ. “ಹಡಗಿನ ಕಾಲೇಜು” ಎಂದೆ. ಪೂರ್ತಿ ಸುಳ್ಳಲ್ಲ, ಪಠ್ಯಕ್ರಮದಲ್ಲಿ ಬೋಟು ಹತ್ತುವುದಿತ್ತು. ಆದರೆ ನನ್ನಿವಾಳದಿಂದ ಚಳ್ಳಕೆರೆ ಸಂತೆಗೆ ಸುದ್ದಿ ಮುಟ್ಟುವಷ್ಟರಲ್ಲಿ ನಾನು ದುನಿಯಾ ಸುತ್ತಲು ಹೊರಟವನಾಗಿದ್ದೆ. ಕುರಿ ವ್ಯಾಪಾರದ ಚಿಕ್ಕಪ್ಪ ದುಬೈಯಿಂದ ಟಾರ್ಚು ತರಲು ಹೇಳಿದ. ಅತ್ತೆ ಯಾವ ದೇಶವಾದರೂ ಸರಿ, ಕೊಡೆ ತಾ ಎಂದಳು. ನಮ್ಮ ಕಡೆ ಕೊಡೆ ಯಾಕೆ ಎಂದು ಕೇಳಿದ್ದಕ್ಕೆ “ಬಿಸಿಲಿಗೆ ಕಣೋ ಮಂಕೆ” ಎಂದಳು. ಅಜ್ಜಿ ಮಾತ್ರ ಏನೂ ಕೇಳದೆ ಒಂದು ಕರಿ ಕಂಬಳಿ ಮಡಿಚಿ ಕೊಟ್ಟಳು. ಚಳ್ಳಕೆರೆ ಕಂಬಳಿ ಎಂಥ ಮಳೆಗೂ ಜಗ್ಗುವುದಿಲ್ಲ ಎನ್ನುವುದು ಅವಳ ಮಾತು.

ಅಜ್ಜಿಯ ಮಳೆಯ ಕಲ್ಪನೆ ನಮ್ಮ ತಾಲ್ಲೂಕಿನದು. ಕರಾವಳಿಯಲ್ಲಿ ಮಳೆ ಶುರುವಾದ ಮೊದಲ ದಿನ ನಾನು ಹಾಸ್ಟೆಲ್ ಅಂಗಳಕ್ಕೆ ಓಡಿ ಕುಣಿದೆ. ಊರಿಗೆ ಫೋನು ಮಾಡಿ ಫೋನನ್ನು ಕಿಟಕಿಯ ಹೊರಗೆ ಹಿಡಿದು ಅಪ್ಪನಿಗೆ ಸದ್ದು ಕೇಳಿಸಿದೆ. ಅಪ್ಪ ಬಹಳ ಹೊತ್ತು ಕೇಳಿ, “ಬಿತ್ತನೆ ಆಯ್ತಾ ಅಲ್ಲಿ?” ಎಂದ. ಜುಲೈ ಮುಗಿಯುವಷ್ಟರಲ್ಲಿ ನನ್ನ ಚಪ್ಪಲಿ, ಬೆಲ್ಟು, ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಎಲ್ಲದರ ಮೇಲೂ ಬೂಷ್ಟು ಬೆಳೆದಿತ್ತು. ಕಂಬಳಿ ಒಣಗಿದ್ದು ದೀಪಾವಳಿಗೆ.

ಊಟದ್ದು ಬೇರೆ ಪೇಚು. ನಮ್ಮ ಮ್ಯಾಸ ಮಂದಿಯಲ್ಲಿ ಕೋಳಿ ಮುಟ್ಟುವುದಿಲ್ಲ. ಮೆಸ್ಸಿನಲ್ಲಿ ಕೋಳಿ ಮಾಡಿದ ದಿನ ಹೊರಗೆ ಕೂತು ಶೇಂಗಾ ಚಟ್ನಿಪುಡಿ ತಿನ್ನುತ್ತಿದ್ದೆ. ಮೀನಿನ ಬಗ್ಗೆ ಹಿರಿಯರು ಏನೂ ಕಟ್ಟು ಹಾಕಿದಂತೆ ನನಗೆ ಗೊತ್ತಿಲ್ಲ. ಇಲ್ಲದ ವಸ್ತುವಿಗೆ ಯಾರು ಕಟ್ಟು ಹಾಕುತ್ತಾರೆ? ಹಾಗಾಗಿ ಮೀನಿಗೆ ಕೈ ಹಾಕಿದೆ. ಬೂತಾಯಿಯ ಮುಳ್ಳು ಗಂಟಲಲ್ಲಿ ಸಿಕ್ಕಿ, ಸಹಪಾಠಿಗಳು ಅನ್ನದ ಮುದ್ದೆ ನುಂಗಿಸಿ ಬದುಕಿಸಿದರು. ಮೀನು ಶಾಸ್ತ್ರ ಓದಲು ಬಂದವನನ್ನು ಮೀನು ಮೊದಲ ವಾರದಲ್ಲೇ ಪರೀಕ್ಷೆ ಮಾಡಿತ್ತು.

ಹಡಗು ಎಲ್ಲಿದೆ ಎಂದು ಹುಡುಕಿದರೆ ಹಡಗಿಲ್ಲ. ಮೊದಲ ವರ್ಷಗಳಲ್ಲಿ ಇದ್ದದ್ದು ಕೆಮಿಸ್ಟ್ರಿ, ಸಂಖ್ಯಾಶಾಸ್ತ್ರ ಮತ್ತು ಮೀನಿನ ಕೊಳ. ಈ ನಡುವೆ ರಜೆಗೆ ಹೋದಾಗಲೆಲ್ಲ ಊರಿನವರು ಯಾವ ದೇಶದಿಂದ ಬಂದೆ ಎಂದು ಕೇಳುತ್ತಿದ್ದರು, ನಾನು ಮಳೆಗಾಲ, ಹಡಗು ನಿಂತಿದೆ ಎನ್ನುತ್ತಿದ್ದೆ. ಮಳೆಗಾಲಕ್ಕೆ ಹಡಗು ನಿಲ್ಲುತ್ತದೆ ಎಂಬುದನ್ನು ಅವರು ನಂಬಿದರು. ಮಳೆಗಾಲ ವರ್ಷವಿಡೀ ಇರುತ್ತದೆ ಎಂಬುದನ್ನೂ ನಂಬಿದರು. ಕರಾವಳಿಯ ಬಗ್ಗೆ ನಮ್ಮವರು ಏನು ಹೇಳಿದರೂ ನಂಬುತ್ತಾರೆ.

ಕಡೆಗೂ ಬೋಟು ಹತ್ತುವ ದಿನ ಬಂತು. ಮುಂಗಾರಿನಲ್ಲಿ ಯಾಂತ್ರಿಕ ಬೋಟುಗಳಿಗೆ ನಿಷೇಧ ಇರುತ್ತದೆ (ಈಗ ಅದು ಜೂನ್ 1ರಿಂದ ಜುಲೈ 31ರವರೆಗೆ, 61 ದಿನ), ಮೀನು ಮೊಟ್ಟೆ ಇಡುವ ಕಾಲ ಎಂದು. ಅದು ಮುಗಿದು, ಕಡಲು ಸ್ವಲ್ಪ ಸಾವಧಾನಕ್ಕೆ ಬಂದ ಮೇಲೆ ನಮ್ಮ ಬ್ಯಾಚಿಗೆ ಒಂದು ಟ್ರಾಲ್ ಬೋಟಿನಲ್ಲಿ ಪ್ರಾಯೋಗಿಕ ತರಗತಿ ಎಂದು ಹಾಕಿದರು. ಹಿಂದಿನ ರಾತ್ರಿ ಸಂಭ್ರಮಕ್ಕೆ ದಾವಣಗೆರೆ ಕಡೆಯ ರೂಮ್‌ಮೇಟು ಮಂಡಕ್ಕಿ ಒಗ್ಗರಣೆ ಮಾಡಿ, ಮೆಣಸಿನಕಾಯಿ ಬಜ್ಜಿ ಕರಿದ. ಊರು ಬಿಟ್ಟ ಮೇಲೆ ಮಂಡಕ್ಕಿ ಮೆಣಸಿನಕಾಯಿಯ ಮುಖ ನೋಡಿರದ ನಾನು, ಲೆಕ್ಕ ಇಡಲಿಲ್ಲ. ಕಡಲಿಗೆ ಹೋಗುವವರು ನುಂಗುವ ಅವೋಮಿನ್ ಗುಳಿಗೆಯನ್ನು ಮೇಷ್ಟ್ರು ಹಂಚಿದ್ದರು. ಅದನ್ನು ಜೇಬಿನಲ್ಲಿಟ್ಟುಕೊಂಡೆ. ಎತ್ತಿನ ಗಾಡಿಯಲ್ಲಿ ಬೆಳೆದವನಿಗೆ ಅಲುಗಾಟದ ಭಯವೇ ಎಂದು ಎಲ್ಲರಿಗೂ ಕೇಳಿಸುವ ಹಾಗೆ ಅಂದದ್ದೂ ಉಂಟು.

ನಸುಕಿಗೇ ಬೋಟುಗಳು ನಿಲ್ಲುವ ಧಕ್ಕೆಗೆ ಹೋದೆವು. ಡೀಸೆಲ್ಲು, ಮಂಜುಗಡ್ಡೆ, ಹಳೆಯ ಮೀನು ಮೂರೂ ಬೆರೆತ ವಾಸನೆ. ಹೊಳೆಯ ನೀರಿನಲ್ಲಿ ಬೋಟು ನುಣ್ಣಗೆ ಹೋಗುವಾಗ ನಾನು ಮುಂದೆ ನಿಂತು ಫೋಟೊ ತೆಗೆಸಿಕೊಂಡೆ. ನಾನು ನಗುತ್ತಿರುವ ಕೊನೆಯ ಫೋಟೊ ಅದು. ಅಳಿವೆಯಲ್ಲಿ, ಅಂದರೆ ಹೊಳೆ ಕಡಲನ್ನು ಸೇರುವ ಬಾಯಲ್ಲಿ, ಎರಡೂ ಕಡೆಯ ನೀರು ಜಗಳಕ್ಕೆ ಬಿದ್ದಿರುತ್ತದೆ. ಬೋಟಿನ ಮೂತಿ ಮೇಲೆದ್ದು, ಒಂದು ಗಳಿಗೆ ಯೋಚನೆ ಮಾಡಿ, ಕೆಳಗೆ ಬಿತ್ತು. ನನ್ನ ಹೊಟ್ಟೆ ಮಾತ್ರ ಮೇಲೇ ಉಳಿಯಿತು.

ಅದಾದ ಮೇಲೆ ಶೇಂಗಾ ಒಕ್ಕಣೆ ಯಂತ್ರದ ಮೇಲೆ ಕೂರಿಸಿದಂತಾಯಿತು. ಮೇಷ್ಟ್ರು ಶಾಂತವಾಗಿ ಪಾಠ ಶುರು ಮಾಡಿದರು. ಒಂದು ನಾಟಿಕಲ್ ಮೈಲಿ ಎಂದರೆ 1.852 ಕಿಲೋಮೀಟರ್, ಬರೆದುಕೊಳ್ಳಿ. ತಳಕ್ಕೆ ಶಬ್ದ ಕಳಿಸಿ ಅದು ತಿರುಗಿ ಬರುವ ಹೊತ್ತಿನಿಂದ ಎಕೋ ಸೌಂಡರ್ ಆಳ ಹೇಳುತ್ತದೆ, ಬರೆದುಕೊಳ್ಳಿ. ನಾನು ಬರೆದುಕೊಳ್ಳಲು ತಲೆ ತಗ್ಗಿಸಿದೆ. ತಗ್ಗಿಸಬಾರದಾಗಿತ್ತು. ನಮ್ಮ ಕಿವಿಯೊಳಗೆ ಸಮತೋಲ ನೋಡಿಕೊಳ್ಳುವ ಮೂರು ಸಣ್ಣ ನಾಳಗಳಿವೆ. ಅವು “ಅಲ್ಲಾಡುತ್ತಿದ್ದೀಯ” ಎನ್ನುತ್ತವೆ. ಕಣ್ಣು ನೋಟ್‌ಬುಕ್ ನೋಡಿ “ಎಲ್ಲಿ? ಎಲ್ಲ ನೆಟ್ಟಗಿದೆಯಲ್ಲ” ಎನ್ನುತ್ತದೆ. ಇಬ್ಬರ ವ್ಯಾಜ್ಯದ ದಂಡವನ್ನು ಹೊಟ್ಟೆ ಕಟ್ಟುತ್ತದೆ. ನನ್ನ ಹೊಟ್ಟೆ ಬಡ್ಡಿ ಸಮೇತ ಕಟ್ಟಿತು. ಮೊದಲು ಹೋದದ್ದು ಬಜ್ಜಿ, ಆಮೇಲೆ ಮಂಡಕ್ಕಿ, ಆಮೇಲೆ ನನ್ನ ಎತ್ತಿನ ಗಾಡಿಯ ಬಡಾಯಿ.

“ಎಂಥ ಮಾರಾಯ್ರೇ, ಬಲೆ ಹಾಕುವ ಮೊದಲೇ ಮೀನಿಗೆ ಊಟ ಹಾಕಿದಿರಲ್ಲ!” ಎಂದ ತಾಂಡೇಲ, ಚುಕ್ಕಾಣಿಯಿಂದ ತಲೆ ತಿರುಗಿಸದೆ.

ಸಮಾಧಾನಕ್ಕೆ ದೊಡ್ಡವರನ್ನು ನೆನೆದೆ. ಡಾರ್ವಿನ್ 1831ರಿಂದ 1836ರವರೆಗೆ ಬೀಗಲ್ ಹಡಗಿನಲ್ಲಿ ಸುತ್ತಿದಷ್ಟು ಕಾಲವೂ ಈ ಕಾಯಿಲೆಯಿಂದ ನರಳಿದ. ಇಂಗ್ಲೆಂಡಿನ ನೌಕಾ ಸೇನಾಪತಿ ನೆಲ್ಸನ್‌ನನ್ನೂ ಅದು ಬಿಟ್ಟಿರಲಿಲ್ಲ. ಆದರೆ ಡಾರ್ವಿನ್ ವಾಂತಿಯ ನಡುವೆಯೂ ಜೀವಿಗಳನ್ನು ಗುರುತಿಸಿ ಬರೆದಿಟ್ಟುಕೊಂಡ. ನನ್ನದೂ ನೋಡಿ. ಬಲೆ ಎಳೆದು ಡೆಕ್ಕಿನ ಮೇಲೆ ಸುರಿದಾಗ ಮೇಷ್ಟ್ರು ಒಂದು ಮೀನು ಎತ್ತಿ ಏನಿದು ಎಂದರು. ಚಪ್ಪಟೆಯಾಗಿತ್ತು, ಎರಡೂ ಕಣ್ಣು ಒಂದೇ ಪಕ್ಕಕ್ಕಿದ್ದವು. “ಯಾರೋ ತುಳಿದಿದಾರೆ ಸಾರ್” ಎಂದೆ. ಅದು ನಂಗ್. ಹುಟ್ಟುವಾಗ ಅದರ ಕಣ್ಣು ಆಚೀಚೆ ಒಂದೊಂದು ಇರುತ್ತವೆ, ಬೆಳೆಯುತ್ತ ಒಂದು ಕಣ್ಣು ಇನ್ನೊಂದು ಪಕ್ಕಕ್ಕೆ ಸರಿದು, ಮೀನು ನೆಲಕ್ಕೆ ಮಲಗಿ ಬಾಳುತ್ತದೆ. ಆ ಗಳಿಗೆಯಲ್ಲಿ ನನಗೂ ಬೇಕಾಗಿದ್ದ ಬಾಳು ಅದೇ.

ಬೋಟಿನ ಅಂಚಿಗೆ ಜೋತುಬಿದ್ದಿದ್ದ ನನ್ನ ಬೆಲ್ಟನ್ನು ಯಾರೋ ಹಿಂದಿನಿಂದ ಗಟ್ಟಿಯಾಗಿ ಹಿಡಿದಿದ್ದರು. ತಿರುಗಿ ನೋಡಿದರೆ ಬೋಟಿನ ಕೆಲಸದವನು. ಬಲೆಯಿಂದ ಸಿಗಡಿ ಬೇರೆ ಮಾಡುತ್ತಿದ್ದವನು ಎದ್ದು ಬಂದಿದ್ದ.

“ಯಾವೂರು ತಮ್ಮಾ?”

“ಚಳ್ಳಕೆರೆ... ನನ್ನಿವಾಳ.”

“ಅಯ್ಯೋ ಶಿವನೇ! ನಮ್ದು ರಾಂಪುರದ ಪಕ್ಕ ಕಣಪ್ಪಾ, ಮೊಳಕಾಲ್ಮೂರು ತಾಲೂಕು. ಮದ್ಲೇ ಹೇಳಬಾರ್ದಾ? ಕೆಳಗೆ ನೋಡಬ್ಯಾಡ. ಅಗಾ, ನೀರು ಆಕಾಶ ಕೂಡೋ ಗೆರೆ ಐತಲ್ಲ, ಅದ್ನೇ ನೋಡ್ಕಂಡು ನಿಂತ್ಕ.”

ನಿಂತೆ. ಮೇಷ್ಟ್ರು ಹೇಳಿಕೊಟ್ಟದ್ದಕ್ಕಿಂತ ಬೇಗ ಈ ಪಾಠ ತಲೆಗೆ ಹತ್ತಿತು, ಕಿವಿ ಕಣ್ಣು ರಾಜಿಯಾದವು. ಆ ಅಣ್ಣ ಬೀಡಿ ಹಚ್ಚಿ ತನ್ನ ಕಥೆ ಹೇಳಿದ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಬರ ಬಿದ್ದ ವರ್ಷ ಬೆಳೆ ಒಣಗಿ, ಊರಿನವರೊಬ್ಬರ ಹಿಂದೆ ಧಕ್ಕೆಗೆ ಬಂದ. ಮೊದಮೊದಲು ಅವನೂ ನನ್ನಂತೆಯೇ ಅಂಚಿಗೆ ಜೋತುಬಿದ್ದವನೇ. ಈಗ ಗೋವಾ, ರತ್ನಗಿರಿ, ಗುಜರಾತಿನ ನೀರು ಎಲ್ಲ ನೋಡಿದ್ದಾನೆ. ತುಳು, ಕೊಂಕಣಿ, ಮಲಯಾಳ ಬರುತ್ತದೆ, ತೆಲುಗು ಮೊದಲೇ ಇತ್ತು. ನಾನು ಪುರವಣಿಯಲ್ಲಿ ಓದಿದ್ದ ಹಡಗು ಕಾಲೇಜಿನ ಪೂರ್ತಿ ಸಿಲಬಸ್ಸು ಇವನೊಬ್ಬನೇ ಮುಗಿಸಿದ್ದ, ಅದೂ ಫೀಸು ಕೊಡದೆ, ಸಂಬಳ ತಗೊಂಡು. “ಊರಲ್ಲಿ ಏನಂತ ಹೇಳಿದೀಯ ಅಣ್ಣಾ?” ಎಂದೆ. “ಕೂಲಿಗೋಗೀನಿ ಅಂತ” ಎಂದ. ನನಗೆ ಮತ್ತೆ ಹೊಟ್ಟೆ ತೊಳಸಿತು, ಈ ಸಲ ಅಲೆಯಿಂದಲ್ಲ.

ವಾಪಸಾಗುವಾಗ ಮೇಷ್ಟ್ರಿಗೆ ಕೇಳಿದೆ, ಎಷ್ಟು ದೂರ ಬಂದಿದ್ದೆವು ಎಂದು. ಭಾರತದ ಜಲಗಡಿ ತೀರದಿಂದ 12 ನಾಟಿಕಲ್ ಮೈಲಿ, ಸುಮಾರು 22 ಕಿಲೋಮೀಟರ್. ನಾವು ಅದರ ಒಳಗೇ ಇದ್ದೆವಂತೆ. ಅಂದರೆ ಚಳ್ಳಕೆರೆಯಿಂದ ಚಿತ್ರದುರ್ಗಕ್ಕೆ ಹೋದಷ್ಟೂ ಆಗಿರಲಿಲ್ಲ. ದುರ್ಗದ ಬಸ್ಸಿನಲ್ಲಿ ಹೋದಾಗ ಈ ಗತಿ ಎಂದೂ ಬಂದಿರಲಿಲ್ಲ, ಆ ರಸ್ತೆಯಲ್ಲೂ ಅಲೆಗಳಿಗೆ ಬರವಿಲ್ಲ.

ಊರಿಗೆ ಹೋಗುವಷ್ಟರಲ್ಲಿ, ಹಡಗು ಹತ್ತಿದೆ ಎಂದು ನಾನೇ ಫೋನಿನಲ್ಲಿ ಒದರಿದ್ದ ಸುದ್ದಿ ಮುಟ್ಟಿತ್ತು. ಸ್ವಾತಂತ್ರ್ಯ ದಿನಾಚರಣೆಗೆ ಶಾಲೆಯಲ್ಲಿ ನನ್ನನ್ನು ಕುರ್ಚಿಯ ಮೇಲೆ ಕೂರಿಸಿ, ಹಾರ ಹಾಕಿ, “ಸಪ್ತಸಾಗರ ದಾಟಿ ಬಂದ ನಮ್ಮೂರಿನ ಹುಲಿ” ಎಂದು ಪರಿಚಯಿಸಿದರು. ಒಂದು ಸಾಗರದ ಅಂಚು ದಾಟಿದ ಹುಲಿ ಮೈಕಿನ ಮುಂದೆ ನಿಂತು ಏನು ಹೇಳಬೇಕು? ದೇಶಗಳ ಬಗ್ಗೆ ಬಾಯಿ ಬಿಡದೆ ಇತಿಹಾಸಕ್ಕೆ ಹಾರಿದೆ. ಚಂದ್ರವಳ್ಳಿಯಲ್ಲಿ ರೋಮ್ ಚಕ್ರವರ್ತಿ ಆಗಸ್ಟಸ್‌ನ ಬೆಳ್ಳಿ ನಾಣ್ಯಗಳು ಸಿಕ್ಕಿವೆ. ಪುರಾತತ್ವಜ್ಞ ಮಾರ್ಟಿಮರ್ ವೀಲರ್ 1947ರಲ್ಲಿ ಅಲ್ಲೂ ಮೊಳಕಾಲ್ಮೂರಿನ ಬ್ರಹ್ಮಗಿರಿಯಲ್ಲೂ ಅಗೆಸಿದರು. ಎರಡು ಸಾವಿರ ವರ್ಷದ ಹಿಂದೆಯೇ ಕಡಲು ದಾಟಿದ ಸರಕು ನಮ್ಮ ಸೀಮೆಗೆ ಬರುತ್ತಿತ್ತು ಎಂದೆಲ್ಲ ಹೇಳಿದೆ. ಇದೆಲ್ಲ ನಿಜವೇ. ಜನ ಚಪ್ಪಾಳೆ ಹೊಡೆದರು. ನಾನು ಬಚಾವಾದೆ ಎಂದು ಕೂರುವಷ್ಟರಲ್ಲಿ ನಾಲ್ಕನೇ ಕ್ಲಾಸಿನ ಹುಡುಗಿಯೊಬ್ಬಳು ಕೈ ಎತ್ತಿದಳು.

“ಹಡಗಲ್ಲಿ ಕಕ್ಕಸು ಎಲ್ಲಿರುತ್ತೆ ಸಾರ್?”

ಬೋಟು ಹತ್ತಿದ ದಿನ ಪೂರ್ತಿ ನನ್ನ ಒಳಗಿದ್ದದ್ದೆಲ್ಲ ಬಾಯಿಂದಲೇ ಹೋಗಿದ್ದರಿಂದ ನನಗೆ ಆ ವಿಚಾರ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದೆ. ಹುಡುಗಿ ಪಕ್ಕದವಳ ಕಿವಿಯಲ್ಲಿ, “ಹೋಗೇ ಇಲ್ಲ ಕಣೇ ಇವ್ರು” ಎಂದದ್ದು ಮೈಕಿಗೂ ಕೇಳಿಸಿತು. ಆ ಸಭೆಯಲ್ಲಿ ಸಂಶೋಧಕಿ ಇದ್ದದ್ದು ಅವಳೊಬ್ಬಳೇ.

ಈಗ ನಾನು ಒಂದು ಬ್ಯಾಂಕಿನಲ್ಲಿ ಕೃಷಿ ಅಧಿಕಾರಿ. ಮೀನುಗಾರಿಕೆ ಓದಿದ ನಮ್ಮಂಥ ಅನೇಕರ ದಡ ಅದೇ. ಶೇಂಗಾ ಬೆಳೆಗೆ ಸಾಲ ಕೊಡುತ್ತೇನೆ. 2022ರಲ್ಲಿ ವಾಣಿವಿಲಾಸ ಸಾಗರ ಕೋಡಿ ಬಿದ್ದಾಗ ಇಡೀ ಜಿಲ್ಲೆಯೇ ನೋಡಲು ಹೋಯಿತು, ನಾನೂ ಮನೆಯವರನ್ನೆಲ್ಲ ಕರೆದೊಯ್ದೆ. ದೊಡ್ಡಪ್ಪ ನೀರಿನ ಹರವು ನೋಡುತ್ತ, “ನಿನ್ ಸಮುದ್ರ ಇದಕ್ಕಿಂತ ದೊಡ್ಡದೇನ್ಲಾ?” ಎಂದು ಕೇಳಿದ. ಸ್ವಲ್ಪ ದೊಡ್ಡದು ಎಂದೆ. ಅವನ ಮುಖ ನೋಡಿದರೆ ನಂಬಿದ ಹಾಗೆ ಕಾಣಲಿಲ್ಲ.

ನಮ್ಮ ಕಡೆಯ ಹುಡುಗ ಹುಡುಗಿಯರಿಗೆ ಒಂದು ಮಾತು. ಹಡಗು ಸುತ್ತುವ ಆಸೆಗೆ ಅಮೆರಿಕದ ಫೀಸನ್ನು ಶೇಂಗಾ ಮೂಟೆಗೆ ತಿರುಗಿಸಿ ಕೂರಬೇಡಿ. ಕಾಲೇಜಿನ ಎನ್‌ಸಿಸಿಯಲ್ಲಿ ನೌಕಾ ವಿಭಾಗ ಇದೆಯೇ ಕೇಳಿ. ಕೊಚ್ಚಿಯ ಸಿಫ್ನೆಟ್ ಎಂಬ ಮೀನುಗಾರಿಕಾ ತರಬೇತಿ ಸಂಸ್ಥೆಯಲ್ಲಿ ಕಡಲ ಮೇಲೂ ಕಲಿಸುವ ನಾಟಿಕಲ್ ಸೈನ್ಸ್ ಪದವಿ ಇದೆ. ಇಂಡಿಯನ್ ಮ್ಯಾರಿಟೈಮ್ ಯೂನಿವರ್ಸಿಟಿಯ ಪ್ರವೇಶ ಪರೀಕ್ಷೆ ಬರೆದರೆ ವ್ಯಾಪಾರಿ ಹಡಗುಗಳ ದಾರಿ ತೆರೆಯುತ್ತದೆ, ಅಲ್ಲಿಂದ ನಿಜಕ್ಕೂ ಭೂಮಿ ಸುತ್ತಬಹುದು. ಅರ್ಜಿ ಧೈರ್ಯವಾಗಿ ಹಾಕಿ. ಹತ್ತುವ ದಿನ ಡಾಕ್ಟರು ಹೇಳಿದ ಗುಳಿಗೆಯನ್ನು ಜೇಬಿನಲ್ಲಿಡದೆ ನುಂಗಿ. ಹಿಂದಿನ ರಾತ್ರಿ ಮಂಡಕ್ಕಿ ಮೆಣಸಿನಕಾಯಿ ಬೇಡ. ಕಕ್ಕಸು ಎಲ್ಲಿದೆ ಎಂದು ಹತ್ತಿದ ತಕ್ಷಣ ನೋಡಿಟ್ಟುಕೊಳ್ಳಿ, ಊರಿನಲ್ಲಿ ಕೇಳುತ್ತಾರೆ.